ಚಿತ್ರಕಾರನೂ ದಲ್ಲಾಳಿಯೂ

ನಮ್ಮ ನಾಡಿನ ಪಟ್ಟಣಗಳಲ್ಲಿ ಒಂದು ಹೊಸ ವೃತ್ತಿವರ್ಗವು ಸದ್ದಿಲ್ಲದೆ ಬೆಳೆಯುತ್ತಿದೆ. ಬೆಂಗಳೂರು, ಮೈಸೂರು, ಧಾರವಾಡ, ಮಂಗಳೂರುಗಳಲ್ಲಿ ತಮ್ಮ ಮನೆಯ ಕೋಣೆಯಲ್ಲಿಯೇ ಕುಳಿತು, ಯಾವ ಕಚೇರಿಯ ಹಾಜರಿ ಪುಸ್ತಕದಲ್ಲಿಯೂ ಹೆಸರಿಲ್ಲದೆ, ಚಿತ್ರಗಳನ್ನೂ ನಕಾಶೆಗಳನ್ನೂ ಬರೆದು ಅಂತರ್ಜಾಲದ ಮೂಲಕ ದೇಶವಿದೇಶಗಳ ಗಿರಾಕಿಗಳಿಗೆ ಒದಗಿಸಿ ಜೀವಿಸುವ ತರುಣ ತರುಣಿಯರ ವರ್ಗವಿದು. ಒಬ್ಬಳು ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆದರೆ, ಇನ್ನೊಬ್ಬನು ಕಾಫಿ ತೋಟದ ಅತಿಥಿಗೃಹಕ್ಕೆ ದಾರಿ ತೋರುವ ಪಟವನ್ನು ಬರೆಯುತ್ತಾನೆ. ಮತ್ತೊಬ್ಬನು ಅಮೆರಿಕದ ಕಾದಂಬರಿಕಾರನ ಕಲ್ಪನೆಯ ರಾಜ್ಯಕ್ಕೆ ಬೆಟ್ಟ, ಹೊಳೆ, ಕೋಟೆಗಳನ್ನು ಕೂಡಿಸುತ್ತಾನೆ. ಇಲ್ಲದ ಊರಿಗೆ ದಾರಿ ಬರೆಯುವುದೂ ಒಂದು ಉದ್ಯೋಗವೇ ಎಂದು ನಗುವವರುಂಟು. ಇದು ನಗುವ ಮಾತಲ್ಲ. ಟೋಲ್ಕಿನ್ ಪಂಡಿತರ ಮಹಾಕಥೆಯು 1954ರಲ್ಲಿ ಅಚ್ಚಾಗತೊಡಗಿದಾಗ ಅದರೊಡನೆ ಅವರ ಮಗನು ಬರೆದ ನಕಾಶೆಯೂ ಹೊರಬಂದಿತು; 1974ರಲ್ಲಿ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಕಥಾಕ್ರೀಡೆ ಹುಟ್ಟಿತು. ಅಂದಿನಿಂದ ಕಲ್ಪಿತ ದೇಶಗಳ ಭೂಪಟಕ್ಕೆ ಪಶ್ಚಿಮದಲ್ಲಿ ಹಣ ಕೊಡುವವರು ಇದ್ದಾರೆ. ಆ ಹಣದಲ್ಲಿ ಒಂದು ಪಾಲು ನಮ್ಮ ನಾಡಿನ ಕೈಗಳಿಗೂ ಬರುವುದಾದರೆ ಅದು ಸಂತೋಷದ ಸಂಗತಿಯೇ.

ಆದರೆ ಎಷ್ಟು ಪಾಲು ಬರುತ್ತದೆ? ಯಾವ ಕರಾರಿನ ಮೇಲೆ ಬರುತ್ತದೆ? ಇದೇ ಇಂದಿನ ವಿಚಾರ. ‘ಜಾಲದಲ್ಲಿ ಗಿರಾಕಿಗಳು ಎಲ್ಲಿ ದೊರೆಯುತ್ತಾರೆ?’ ಎಂದು ಈ ತರುಣರು ಒಬ್ಬರನ್ನೊಬ್ಬರು ಕೇಳುತ್ತಿರುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಅದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ ಬೇರೊಂದಿದೆ: ‘ಗಿರಾಕಿ ದೊರೆತ ಮೇಲೆ ಅವನು ಯಾರ ಗಿರಾಕಿ?’

ಹಿಂದೆ ಕಲಾವಿದನಿಗೆ ಆಶ್ರಯದಾತನು ಒಬ್ಬನೇ ಇರುತ್ತಿದ್ದನು. ಅದರಲ್ಲಿ ಗೌರವವಿತ್ತು, ಅಪಾಯವೂ ಇತ್ತು. ಮೈಸೂರಿನ ಕೆ. ವೆಂಕಟಪ್ಪನವರಂತಹ ಮಹಾಕಲಾವಿದರೇ ಇದಕ್ಕೆ ಸಾಕ್ಷಿ. ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿ ಬಂದು, ಮೈಸೂರು ಅರಮನೆಗಾಗಿ ಉಬ್ಬುಶಿಲ್ಪಗಳನ್ನು ರಚಿಸಿದ ಅವರು, ನಾಲ್ವಡಿ ಕೃಷ್ಣರಾಜ ಒಡೆಯರವರು 1940ರಲ್ಲಿ ದಿವಂಗತರಾದ ಬಳಿಕ, ಮಾಡಿದ ಕೆಲಸದ ಸಂಭಾವನೆಗಾಗಿ ಅದೇ ಅರಮನೆಯೊಡನೆ ನ್ಯಾಯಾಲಯದಲ್ಲಿ ವ್ಯಾಜ್ಯ ಹೂಡಬೇಕಾಯಿತು. ಪ್ರಭುವಿನ ಮಾತು ಪ್ರಭುವಿನೊಡನೆ ಹೋಗುತ್ತದೆ. ಉಳಿಯುವುದು ಬರಹ ಮಾತ್ರ. ಈ ಪಾಠವನ್ನು ನಮ್ಮ ತರುಣರು ಮರೆಯಬಾರದು.

ಈಗಿನ ಆಶ್ರಯದಾತನು ರಾಜನಲ್ಲ, ಸಂತೆ. ಆ ಸಂತೆಯ ಒಡೆತನವಾದರೋ ಬಹುಮಟ್ಟಿಗೆ ಹೊರಗಿನವರದು. ಇಸ್ರೇಲಿನಲ್ಲಿ 2010ರಲ್ಲಿ ಆರಂಭವಾದ ಫೈವರ್ ಸಂಸ್ಥೆಯು ದುಡಿದವನಿಗೆ ಸಲ್ಲುವ ಪ್ರತಿ 100ರಲ್ಲಿ 20ನ್ನು ತಾನು ಹಿಡಿದುಕೊಳ್ಳುತ್ತದೆ. ಈಲ್ಯಾನ್ಸ್, ಓಡೆಸ್ಕ್ ಎಂಬ ಎರಡು ಸಂಸ್ಥೆಗಳು ಕೂಡಿ 2015ರಲ್ಲಿ ಹೊಸ ಹೆಸರು ತಾಳಿದ ಅಮೆರಿಕದ ಅಪ್‌ವರ್ಕ್ ಸಂಸ್ಥೆಯು 2023ರಲ್ಲಿ ತನ್ನ ಪಾಲನ್ನು ಶೇಕಡಾ 10 ಎಂದು ಗೊತ್ತುಮಾಡಿತು. 2025ರಲ್ಲಿ ಅದನ್ನೂ ಬದಲಿಸಿ, ಕೆಲಸವನ್ನು ನೋಡಿಕೊಂಡು ಶೇಕಡಾ 15ರವರೆಗೆ ಹಿಡಿಯಬಹುದೆಂದು ಸಾರಿತು. ಇಷ್ಟೇ ಅಲ್ಲ. ಅಲ್ಲಿ ಕೆಲಸಕ್ಕೆ ಅರ್ಜಿ ಹಾಕಬೇಕಾದರೂ ಹಣ ಕೊಟ್ಟು ಕೊಂಡ ಚೀಟಿಗಳನ್ನು ವ್ಯಯಮಾಡಬೇಕು. ಕೆಲಸ ದೊರೆಯದಿದ್ದರೆ ಚೀಟಿಯೂ ಹೋಯಿತು. ಆ ಸಂಸ್ಥೆಯ ಮೂಲಕ ಪರಿಚಯವಾದ ಗಿರಾಕಿಯೊಡನೆ ಎರಡು ವರ್ಷಗಳ ಕಾಲ ಅದರ ಮೂಲಕವೇ ಹಣದ ವ್ಯವಹಾರ ನಡೆಸತಕ್ಕದ್ದು. ಅದಕ್ಕೆ ಮುಂಚೆ ಬಿಡಿಸಿಕೊಳ್ಳಬೇಕಾದರೆ ಬಿಡುಗಡೆಯ ಹಣ ತೆರಬೇಕು. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯು ಈ ಸಂತೆಗೆ ಚೆನ್ನಾಗಿ ಒಪ್ಪುತ್ತದೆ.

ನ್ಯಾಯವಾಗಿ ಹೇಳುವುದಾದರೆ, ಈ ಪೂಜಾರಿಯಿಂದ ಉಪಯೋಗವೇ ಇಲ್ಲವೆನ್ನಲಾಗದು. ಪರಸ್ಪರ ಮುಖ ನೋಡದ ಇಬ್ಬರ ನಡುವೆ ಅವನು ಹಣವನ್ನು ಹಿಡಿದಿಟ್ಟು, ಕೆಲಸ ಮುಗಿದ ಮೇಲೆ ಸಲ್ಲಿಸುತ್ತಾನೆ. ಯಾರೂ ಅರಿಯದ ಹಾಸನದ ಹುಡುಗಿಗೆ ಮೊದಲ ಎರಡು ಮೂರು ಆರ್ಡರುಗಳು ಅಲ್ಲಿಂದಲೇ ಬರಬಹುದು. ನಮ್ಮ ಆಕ್ಷೇಪಣೆ ಅದಕ್ಕಲ್ಲ. ಹದಿನೆಂಟನೆಯ ಶತಮಾನದಲ್ಲಿ ಕಂಪನಿಯ ಗುಮಾಸ್ತನು ಬಂಗಾಳದ ನೇಕಾರನಿಗೆ ಮುಂಗಡ ಕೊಟ್ಟು ಕೆಲಸ ಕೊಟ್ಟದ್ದು ನಿಜ. ಆದರೆ ಆ ನೇಕಾರನು ಬೇರೆಯವರಿಗೆ ಬಟ್ಟೆ ಮಾರುವ ಸ್ವಾತಂತ್ರ್ಯವನ್ನು ಕಳೆದುಕೊಂಡ ದಿನವೇ ಅವನ ಕೈ ಅವನದಾಗಿ ಉಳಿಯಲಿಲ್ಲ. ಇಂದು ಚಾವಟಿಯಿಲ್ಲ, ಬಲಾತ್ಕಾರವಿಲ್ಲ. ಹೋಲಿಕೆಯನ್ನು ಮಿತಿಮೀರಿ ಎಳೆಯಲು ನಮಗೂ ಇಷ್ಟವಿಲ್ಲ. ಆದರೂ ಗಿರಾಕಿಯ ವಿಳಾಸ ಯಾರ ಬಳಿಯಿದೆಯೋ ವ್ಯಾಪಾರವು ಅವರದೇ ಎಂಬ ನಿಯಮವು ಅಂದಿನಂತೆ ಇಂದೂ ಸತ್ಯವಾಗಿದೆ. ದೂರದ ನಿರ್ಧಾರವೊಂದು ಒಂದೇ ದಿನದಲ್ಲಿ ದಾರಿ ಮುಚ್ಚಬಲ್ಲದು. 2021ರ ಏಪ್ರಿಲ್ 1ರಂದು ಪೇಪಾಲ್ ಸಂಸ್ಥೆಯು ಭಾರತದೊಳಗಿನ ಪಾವತಿಗಳನ್ನು ನಿಲ್ಲಿಸಿದುದು ಇದಕ್ಕೊಂದು ನಿದರ್ಶನ.

ಹಣಕ್ಕಿಂತ ದೊಡ್ಡ ನಷ್ಟವು ಹಕ್ಕಿನದು. ನಮ್ಮ 1957ರ ಕೃತಿಸ್ವಾಮ್ಯ ಶಾಸನವು ನಕಾಶೆಯನ್ನೂ ರೇಖಾಚಿತ್ರವನ್ನೂ ಕಲಾಕೃತಿಗಳೆಂದೇ ಎಣಿಸಿ, ಸಾಮಾನ್ಯವಾಗಿ ಬರೆದವನನ್ನೇ ಮೊದಲ ಒಡೆಯನೆಂದು ಅಂಗೀಕರಿಸುತ್ತದೆ. ಹಣ ಕೊಟ್ಟು ಬರೆಯಿಸಿದ ವರ್ಣಚಿತ್ರ, ಭಾವಚಿತ್ರಗಳ ವಿಷಯದಲ್ಲಿ ಮಾತ್ರ, ಬೇರೆ ಒಪ್ಪಂದವಿಲ್ಲದಿದ್ದರೆ, ಬರೆಯಿಸಿದವನೇ ಒಡೆಯನಾಗುತ್ತಾನೆಂದು 17ನೆಯ ಪ್ರಕರಣ ಹೇಳುತ್ತದೆ. ಹಕ್ಕನ್ನು ಪರಾಧೀನ ಮಾಡುವುದಾದರೆ ಅದು ಬರಹದಲ್ಲಿರಬೇಕು, ಕೊಟ್ಟವನ ರುಜುವಿರಬೇಕು. ಅವಧಿಯನ್ನು ಹೇಳದಿದ್ದರೆ 5 ವರ್ಷಗಳೆಂದೂ, ಪ್ರದೇಶವನ್ನು ಹೇಳದಿದ್ದರೆ ಭಾರತವೆಂದೂ 19ನೆಯ ಪ್ರಕರಣವು ಭಾವಿಸುತ್ತದೆ. ದುರ್ಬಲನ ಪಕ್ಷದಲ್ಲಿ ಇಷ್ಟು ಸ್ಪಷ್ಟವಾಗಿ ನಿಂತ ಶಾಸನಗಳು ವಿರಳ. ಆದರೆ ಫಲವೇನು? ಚಿತ್ರಕಾರನು ಬೇರೆ ಹೇಳಿರದಿದ್ದರೆ, ಹಣ ಸಂದಾಯವಾದೊಡನೆ ಕೃತಿಯ ಹಕ್ಕುಗಳು ಗಿರಾಕಿಗೆ ಹೋಗುವುವೆಂಬ ವಾಡಿಕೆಯನ್ನು ಈ ಜಾಲದ ಸಂತೆಗಳು ತಮ್ಮ ನಿಯಮಾವಳಿಯಲ್ಲಿ ಬರೆದಿಟ್ಟಿವೆ. ನಮ್ಮ ತರುಣನು ಓದದೆ ‘ಒಪ್ಪಿದೆ’ ಎಂಬ ಗುಂಡಿಯನ್ನು ಒತ್ತುತ್ತಾನೆ. ಲೋಕಸಭೆ ಕೊಟ್ಟ ಹಕ್ಕನ್ನು ಒಂದು ಬೆರಳು ಕಳೆಯುತ್ತದೆ.

2022ರಿಂದೀಚೆಗೆ ಇನ್ನೊಂದು ಸಂಕಟ ಸೇರಿದೆ. ನಾಲ್ಕು ಮಾತು ಹೇಳಿದರೆ ಚಿತ್ರ ಬರೆದುಕೊಡುವ ಯಂತ್ರಗಳು ಜನರ ಕೈಗೆ ಬಂದಿವೆ. ಬೆಲೆಯೊಂದನ್ನೇ ನೋಡುವ ಗಿರಾಕಿಯು ಮೊದಲು ಅವುಗಳ ಕಡೆಗೆ ತಿರುಗುವನು. ಆದಕಾರಣ ಸಂತೆಯ ಅತ್ಯಗ್ಗದ ಅಂಗಡಿಯಲ್ಲಿ ಕುಳಿತವನೇ ಮೊದಲು ಎದ್ದುಹೋಗಬೇಕಾದವನು. ಬೇಲೂರಿನ ಗುಡಿಯ ಸುತ್ತಲಿನ ಬೀದಿಗಳನ್ನು ನಡೆದು, ಎಲ್ಲಿ ಬಾವಿಯಿದೆ, ಎಲ್ಲಿ ಮೆಟ್ಟಿಲು ಸವೆದಿದೆ ಎಂದು ಕಂಡು ಬರೆಯುವವನ ಕೆಲಸವನ್ನು ಯಂತ್ರವು ಸುಲಭವಾಗಿ ಕಸಿಯಲಾರದು.

ಹಾಗಾದರೆ ಮಾಡತಕ್ಕದ್ದೇನು? ಮೊದಲನೆಯದಾಗಿ, ಸಂತೆಯನ್ನು ಹೊಸ್ತಿಲಾಗಿ ಬಳಸಿರಿ, ಮನೆಯಾಗಿ ಮಾಡಿಕೊಳ್ಳಬೇಡಿರಿ. ಪ್ರತಿಯೊಬ್ಬ ಚಿತ್ರಕಾರನಿಗೂ ತನ್ನ ಹೆಸರಿನಲ್ಲಿಯೇ ಒಂದು ಜಾಲತಾಣವಿರಬೇಕು. ಅಲ್ಲಿ ನೂರು ಬಗೆಯ ನೂರು ಚಿತ್ರಗಳ ಬದಲು ತಾನು ಯಾವುದರಲ್ಲಿ ಸಮರ್ಥನೋ ಆ ಒಂದೇ ಬಗೆಯ ಹತ್ತು ಉತ್ತಮ ಕೃತಿಗಳಿರಬೇಕು, ಪತ್ರ ಬರೆಯಲು ವಿಳಾಸವಿರಬೇಕು. ಇನ್‌ಸ್ಟಾಗ್ರಾಂ, ಬೆಹಾನ್ಸ್‌ಗಳು ಆ ಅಂಗಡಿಗೆ ದಾರಿ ತೋರುವ ಹಲಗೆಗಳಾಗಲಿ. ಎರಡನೆಯದಾಗಿ, ಗಿರಾಕಿ ಬರಲೆಂದು ಕಾಯದೆ, ಪ್ರಕಾಶಕರು, ಆಟಗಳನ್ನು ರಚಿಸುವವರು, ಪ್ರವಾಸದ ಉದ್ಯಮಿಗಳು ಇವರಿಗೆ ನೇರವಾಗಿ, ಅವರವರ ಕೆಲಸವನ್ನು ತಿಳಿದುಕೊಂಡು ಬರೆಯಬೇಕು. ಮೂರನೆಯದಾಗಿ, ಎಷ್ಟು ಚಿತ್ರ, ಎಷ್ಟು ಬಾರಿ ತಿದ್ದುಪಡಿ, ಯಾವ ಉಪಯೋಗಕ್ಕೆ, ಎಷ್ಟು ವರ್ಷಕ್ಕೆ, ಮುಂಗಡವೆಷ್ಟು ಎಂಬ ಐದು ಮಾತುಗಳು ಬರಹದಲ್ಲಿ ಆಗದ ಹೊರತು ಒಂದು ಗೆರೆಯನ್ನೂ ಎಳೆಯಬಾರದು. ನಾಲ್ಕನೆಯದಾಗಿ, ಉದ್ಯಮ್ ನೋಂದಣಿಯನ್ನು ಮಾಡಿಸಿಕೊಳ್ಳಬೇಕು. ಹಾಗೆ ನೋಂದಾಯಿಸಿಕೊಂಡ ಕಿರು ಉದ್ಯಮಿಗೆ ದೇಶದೊಳಗಿನ ಗಿರಾಕಿಯು ಒಪ್ಪಂದವೇನೇ ಇದ್ದರೂ 45 ದಿನಗಳೊಳಗೆ ಹಣ ಸಲ್ಲಿಸಬೇಕೆಂದೂ, ತಪ್ಪಿದರೆ ಬ್ಯಾಂಕ್ ದರದ ಮೂರರಷ್ಟು ಚಕ್ರಬಡ್ಡಿ ತೆರಬೇಕೆಂದೂ 2006ರ ಶಾಸನ ವಿಧಿಸಿದೆ. ನಕಾಶೆ ಬರೆಯುವವರಿಗೆ ಇನ್ನೊಂದು ಮಾತು: 2021ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರವು ಭೂಪಟಗಳ ಮೇಲಿದ್ದ ಪೂರ್ವಾನುಮತಿಯ ಕಟ್ಟುಗಳನ್ನು ಬಹಳಮಟ್ಟಿಗೆ ಸಡಿಲಿಸಿದ್ದರೂ, ಭಾರತದ ಗಡಿಯನ್ನು ಸರ್ವೆ ಆಫ್ ಇಂಡಿಯಾದ ನಕಾಶೆಗೆ ವಿರುದ್ಧವಾಗಿ ಪ್ರಕಟಿಸುವುದು ಇಂದಿಗೂ 6 ತಿಂಗಳವರೆಗೆ ಸೆರೆವಾಸಕ್ಕೆ ಗುರಿಮಾಡುವ ಅಪರಾಧ. ವಿದೇಶದ ಗಿರಾಕಿಯು ಕಳುಹಿಸಿದ ಮಾದರಿಯನ್ನು ಕಣ್ಣುಮುಚ್ಚಿ ನಕಲುಮಾಡುವ ಮೊದಲು ಇದನ್ನು ನೆನೆಯಲಿ.

ಇಷ್ಟನ್ನು ತರುಣರಿಗೆ ಹೇಳಿ, ಹಿರಿಯರನ್ನು ಬಿಟ್ಟರೆ ಅದು ಅರ್ಧ ನ್ಯಾಯವಾದೀತು. ಈ ಮಕ್ಕಳು ಸಾವಿರಾರು ಮೈಲಿಯಾಚೆ ಗಿರಾಕಿಯನ್ನು ಏಕೆ ಹುಡುಕುತ್ತಾರೆ? ಹಿತ್ತಲ ಗಿಡ ಮದ್ದಲ್ಲವೆಂದು ನಾವು ನಂಬಿರುವುದರಿಂದ. ಹಂಪಿಯು 1986ರಲ್ಲಿಯೂ, ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರಲ್ಲಿಯೂ ಜಗತ್ತಿನ ಪರಂಪರೆಯ ಪಟ್ಟಿಗೆ ಸೇರಿದುವು. ನಮ್ಮ ಎಷ್ಟು ತಾಲ್ಲೂಕುಗಳಲ್ಲಿ, ಬಂದ ಯಾತ್ರಿಕನ ಕೈಗೆ ಕೊಡಲು ಕನ್ನಡದ ಅಕ್ಷರಗಳಿರುವ ಒಂದು ಅಂದವಾದ ನಕಾಶೆಯುಂಟು? ಬರೆಯಬಲ್ಲವರಿಲ್ಲದೆ ಇಲ್ಲ, ಬರೆಯಿಸುವವರಿಲ್ಲ. ಪ್ರವಾಸೋದ್ಯಮ, ಪುರಾತತ್ತ್ವ, ವಿದ್ಯಾ ಇಲಾಖೆಗಳ ಅಧಿಕಾರಿಗಳು ಈ ಲೇಖನವನ್ನು ಓದುತ್ತಿದ್ದರೆ ನಾವು ಅವರನ್ನು ವಿನಯಪೂರ್ವಕವಾಗಿ ಕೇಳುತ್ತೇವೆ: ಅಗ್ಗದ ಟೆಂಡರಿನಿಂದ ಚರಂಡಿಯನ್ನು ಕಟ್ಟಿಸಬಹುದು, ಮಗುವಿನ ಪಠ್ಯಪುಸ್ತಕದ ಚಿತ್ರವನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕೆ? ಜಿಲ್ಲೆಯ ಚಿತ್ರಕಾರರ, ನಕಾಶೆಗಾರರ ಪಟ್ಟಿಯೊಂದನ್ನು ಅವರವರ ವಿಳಾಸದೊಡನೆ ಜಾಲದಲ್ಲಿ ಪ್ರಕಟಿಸಲಿ. ಅದರಲ್ಲಿ ದಲ್ಲಾಳಿಯ ಪಾಲು ಒಂದು ಕಾಸೂ ಇರದಿರಲಿ. ಇದಕ್ಕೆ ಕೋಟಿ ರೂಪಾಯಿ ಬೇಡ, ಮನಸ್ಸು ಬೇಕು.

ಕರ್ನಾಟಕವು 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗಾಗಿ ಶಾಸನವನ್ನು ಮಾಡಿ, ದುಡಿಸುವ ಸಂಸ್ಥೆಗಳಿಂದ ಶೇಕಡಾ 1ರಿಂದ 5ರವರೆಗೆ ಕ್ಷೇಮಶುಲ್ಕ ವಸೂಲಿಗೆ ಅವಕಾಶ ಕಲ್ಪಿಸಿದೆ. ಇದು ಶ್ಲಾಘನೀಯ. ಆದರೆ ಈ ಶಾಸನವನ್ನು ನೆನೆದಾಗ ಎಲ್ಲರ ಕಣ್ಣಿಗೆ ಕಟ್ಟುವವನು ಊಟದ ಚೀಲ ಹೊತ್ತು ಬೈಕಿನಲ್ಲಿ ಓಡುವವನು. ಕೋಣೆಯಲ್ಲಿ ಕುಳಿತು ಕಣ್ಣು ಸವೆಸುವ ಚಿತ್ರಕಾರಳೂ ಅದೇ ಜಾಲದ ಕೂಲಿಯವಳೆಂಬುದನ್ನು ಅಧಿಕಾರಿಗಳು ಮರೆಯದಿರಲಿ.

ಕಡೆಯ ಮಾತು ನಮ್ಮನ್ನೇ ಕುರಿತದ್ದು. ಪತ್ರಿಕೆಗಳವರೂ ಪ್ರಕಾಶಕರೂ ಈ ದೋಷದಿಂದ ಮುಕ್ತರಲ್ಲ. ‘ಹೆಸರು ಅಚ್ಚಾಗುತ್ತದೆಯಲ್ಲ, ಸಾಲದೆ?’ ಎಂದು ಚಿತ್ರಕಾರನಿಗೆ ಹೇಳಿ ಕಳುಹಿಸಿದ ದಿನಗಳು ಈ ಕಾರ್ಯಾಲಯದಲ್ಲಿಯೂ ಇದ್ದುವೆಂದು ಒಪ್ಪಿಕೊಳ್ಳಲು ನಮಗೆ ಸಂಕೋಚವಿಲ್ಲ, ನಾಚಿಕೆಯಿದೆ. ಹೆಸರನ್ನು ಅಂಗಡಿಯವನು ಅಕ್ಕಿಗೆ ಬದಲಾಗಿ ತೆಗೆದುಕೊಳ್ಳುವುದಿಲ್ಲ. ಸಮಯಕ್ಕೆ ಸರಿಯಾಗಿ ಹಣ ಕೊಡುವ ಕನ್ನಡದ ಗಿರಾಕಿ ನೂರು ಮಂದಿ ಎದ್ದು ನಿಂತರೆ, ಅನೇಕ ಚಿತ್ರಕಾರರಿಗೆ ದೂರದ ದಲ್ಲಾಳಿಯ ಬಾಗಿಲಿಗೆ ಹೋಗುವ ಪ್ರಸಂಗವೇ ಬಾರದು. ಸ್ವದೇಶಿ ಎಂಬುದು ನೂಲಿನಲ್ಲಿ ಮಾತ್ರವಲ್ಲ, ಗೆರೆಯಲ್ಲಿಯೂ ಇದೆ. ಗೆರೆಯನ್ನು ಎಳೆದ ಕೈಗೆ ಅದರ ಬೆಲೆ ಪೂರ್ತಿಯಾಗಿ ಸಲ್ಲಲಿ.