ಕೊಟ್ಟಿಗೆಯ ಕಂಬ, ಕಾರಿನ ಮನೆ

ಮಕ್ಕಳೇ, ಈ ವಾರ ಒಂದು ಒಗಟಿನಿಂದ ಶುರು ಮಾಡೋಣ. ಮಂಗಳೂರು ಹೆಂಚಿನ ಮಾಡಿನ ಕೆಳಗೆ ಒಂದು ಸಣ್ಣ ಕಾರು ನಿಂತಿದೆ. ಕಾರಿನ ತೂಕ ಹೆಚ್ಚೋ, ತಲೆಯ ಮೇಲಿನ ಹೆಂಚುಗಳ ತೂಕ ಹೆಚ್ಚೋ? ಮನಸ್ಸಿನಲ್ಲೇ ಒಂದು ಉತ್ತರ ಹೇಳಿಕೊಳ್ಳಿ. ಪಕ್ಕದಲ್ಲಿ ಅಜ್ಜನೋ ಅಜ್ಜಿಯೋ ಕುಳಿತಿದ್ದರೆ ಅವರನ್ನೂ ಕೇಳಿ. ಸರಿ ಉತ್ತರ ಮುಂದೆ ಬರುತ್ತದೆ.

ಕಳೆದ ಬೇಸಗೆಯಲ್ಲಿ ಸಾಗರದ ಹತ್ತಿರದ ನಮ್ಮ ಹಳ್ಳಿಮನೆಯಲ್ಲಿ ಕಾರಿಗೊಂದು ಮರದ ಶೆಡ್ಡು ಕಟ್ಟಿದೆವು. ಹೊಸ ಮರ ಒಂದನ್ನೂ ಕಡಿಯಲಿಲ್ಲ. ಸ್ವಂತ ಜಾಗದ ಮರವಾದರೂ ಹೆಚ್ಚಿನ ಜಾತಿಗಳನ್ನು ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅದಕ್ಕೆಂದೇ 1976ರಲ್ಲಿ ಬಂದ ಕಾಯಿದೆ ಇದೆ. ನಮಗೆ ಆ ಪ್ರಶ್ನೆಯೇ ಬರಲಿಲ್ಲ. ಬೇಕಾದ ಮರವೆಲ್ಲ ಅಂಗಳದ ಆಚೆಯ ಹಳೆಯ ಕೊಟ್ಟಿಗೆಯಲ್ಲಿತ್ತು. ಆದರೆ ಆ ಕೊಟ್ಟಿಗೆಯನ್ನು ಬಿಚ್ಚುವುದೇ ದೊಡ್ಡ ಕಷ್ಟವಾಗಿತ್ತು. ಕಷ್ಟ ಮರದ್ದಲ್ಲ, ನಮ್ಮ ಅಮ್ಮನದು.

ಅಮ್ಮನಿಗೆ ಈಗ 88 ವರ್ಷ. ಮಕ್ಕಳೆಲ್ಲ ಅವಳನ್ನು ದೊಡ್ಡಜ್ಜಿ ಎನ್ನುತ್ತಾರೆ. ಕೊಟ್ಟಿಗೆ ಕಟ್ಟಿದಾಗ ನಾನು ನಾಲ್ಕು ವರ್ಷದವನು. ಒಂದು ಕಾಲದಲ್ಲಿ ಅಲ್ಲಿ ಹದಿನಾಲ್ಕು ಜಾನುವಾರುಗಳಿದ್ದವು. ಎಲ್ಲವೂ ಮಲೆನಾಡು ಗಿಡ್ಡ ತಳಿಯವು. ನೋಡಲು ಕುಳ್ಳಗೆ, ಗುಡ್ಡ ಹತ್ತುವುದರಲ್ಲಿ ಗಟ್ಟಿಗರು. ಒಂದೊಂದೇ ಕಡಿಮೆಯಾಗಿ ಕೊನೆಗೆ ಉಳಿದವಳು ಕೆಂಪಿ. ಅವಳೂ ವಯಸ್ಸಾಗಿ ಹೋಗಿ ಮೂರು ವರ್ಷವಾಗಿತ್ತು. ಆಮೇಲೂ ಅಮ್ಮ ದಿನಾ ಸಂಜೆ ಹೋಗಿ ಖಾಲಿ ಕೊಟ್ಟಿಗೆ ಗುಡಿಸಿ ಬರುತ್ತಿದ್ದಳು.

ಹೋದ ವರ್ಷದ ಮಳೆಗಾಲದಲ್ಲಿ ಕೊಟ್ಟಿಗೆ ಒಂದು ಪಕ್ಕಕ್ಕೆ ವಾಲಿತು. ಎರಡು ಕಂಬಗಳ ಬುಡ ಪೂರ್ತಿ ಕೊಳೆತಿತ್ತು. ಒಂದು ದಿನ ಮೊಮ್ಮಗ ಆಡುತ್ತಿದ್ದ ಜಾಗದಿಂದ ನಾಲ್ಕು ಮಾರು ದೂರದಲ್ಲಿ ಹೆಂಚು ಬಿದ್ದು ಪುಡಿಯಾಯಿತು. ಇನ್ನೊಂದು ಮಳೆಗಾಲ ಅದು ನಿಲ್ಲುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು. ದಿನಾ ಅದರೊಳಗೆ ಹೋಗುತ್ತಿದ್ದವಳು ಅಮ್ಮ ಒಬ್ಬಳೇ ಎಂಬುದೂ ಗೊತ್ತಿತ್ತು. ಮಗ ಒಂದು ಯೋಜನೆ ಹೇಳಿದ: ಮರವನ್ನೆಲ್ಲ ಮಾರಿ, ಅದೇ ದುಡ್ಡಿನಲ್ಲಿ ಕಬ್ಬಿಣದ ಪೈಪು, ತಗಡು ತಂದು ಕಾರಿನ ಶೆಡ್ಡು ಹಾಕೋಣ. ಲೆಕ್ಕದಲ್ಲಿ ಅದು ಸರಿಯಾದ ಮಾತೇ. ಅಮ್ಮ ಊಟದ ತಟ್ಟೆಯಿಂದ ತಲೆ ಎತ್ತದೆ, "ಕೀಳುವುದಾದರೆ ನಾನು ಹೋದ ಮೇಲೆ ಕೀಳಿ" ಅಂದಳು. ಆಮೇಲೆ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ.

ಮಾತು ಬಿಡಿಸಿದವಳು ಏಳನೇ ತರಗತಿಯ ಮೊಮ್ಮಗಳು. ಒಂದು ನೋಟ್‌ಬುಕ್ ಹಿಡಿದು ಹೋಗಿ, "ದೊಡ್ಡಜ್ಜೀ, ಯಾವ ಕಂಬಕ್ಕೆ ಯಾವ ದನ ಕಟ್ಟುತ್ತಿದ್ರಿ?" ಎಂದು ಕೇಳಿದಳು. ಅಮ್ಮ ಮೊದಲು ಕೇಳಿಸದಂತೆ ಇದ್ದಳು. ಆಮೇಲೆ ಎದ್ದು ಕೊಟ್ಟಿಗೆಗೆ ನಡೆದಳು. "ಇದು ಗೌರಿದು. ಇದು ತುಂಗೆದು, ಹಾಯಲು ಬರ್ತಿತ್ತು ಹಾಳಾದ್ದು. ಇದು ಕೆಂಪಿದು" ಎಂದು ಒಂದೊಂದನ್ನೇ ಮುಟ್ಟಿ ಹೇಳುತ್ತಾ ಹೋದಳು. ಕೆಂಪಿಯ ಕಂಬದಲ್ಲಿ ಹಗ್ಗ ಉಜ್ಜಿ ಉಜ್ಜಿ ಬೆರಳು ಹಿಡಿಸುವಷ್ಟು ಆಳದ ಗೆರೆ ಬಿದ್ದಿತ್ತು. ಮೊಮ್ಮಗಳು ಹತ್ತೂ ಕಂಬಗಳ ನಕ್ಷೆ ಬರೆದುಕೊಂಡಳು. ಕೊನೆಗೆ ಅಮ್ಮನೇ ಕೇಳಿದಳು: "ಮಾರುವುದಿಲ್ಲ ಅಂದ್ರೆ, ಇವನ್ನೇ ನಿಲ್ಲಿಸಿ ಕಾರಿಗೆ ಮಾಡು ಮಾಡಲಿಕ್ಕೆ ಆಗ್ತದಾ ಕೂಸೇ?"

ಆಗುತ್ತದೆಯೇ ಎಂದು ನೋಡಲು ಮರುದಿನ ಆಚಾರಿಯನ್ನು ಕರೆಸಿದೆವು. ಅವರು ಕಂಬಗಳಿಗೆ ಉಳಿಯಿಂದ ಚುಚ್ಚಿ ನೋಡಿದರು. ಮರದ ನಡುವಿನ ಗಟ್ಟಿ, ಬಣ್ಣದ ಭಾಗಕ್ಕೆ ಚೇಗು ಎನ್ನುತ್ತಾರೆ. ಹೊರಗಿನ ಬಿಳಿ ಭಾಗವನ್ನು ಹುಳು ಬೇಗ ತಿನ್ನುತ್ತದೆ, ಚೇಗನ್ನು ಅಷ್ಟು ಸುಲಭವಾಗಿ ಮುಟ್ಟುವುದಿಲ್ಲ. ಹತ್ತರಲ್ಲಿ ಎಂಟು ಕಂಬಗಳ ಚೇಗು ಗಟ್ಟಿಯಾಗಿತ್ತು. ಹಾಳಾದದ್ದು ಮಣ್ಣೊಳಗೆ ಹೂತಿದ್ದ ಬುಡ ಮತ್ತು ನೆಲದ ಮೇಲಿನ ಒಂದಡಿ ಮಾತ್ರ. ನೆಲ ಮುಟ್ಟುವ ಜಾಗದಲ್ಲಿ ಮರಕ್ಕೆ ನೀರೂ ಸಿಗುತ್ತದೆ, ಗಾಳಿಯೂ ಸಿಗುತ್ತದೆ. ಕೊಳೆಯಿಸುವ ಶಿಲೀಂಧ್ರಕ್ಕೆ ಬೇಕಾದದ್ದು ಅವೆರಡೇ.

ಕಂಬಗಳಲ್ಲಿ ಕೆಲವು ಮತ್ತಿ, ಕೆಲವು ನಂದಿ, ಎರಡು ಹೊನ್ನೆ. ಹೊನ್ನೆಯನ್ನು ಗುರುತಿಸಲು ಆಚಾರಿ ಮಕ್ಕಳಿಗೊಂದು ಆಟ ತೋರಿಸಿದರು. ಚೇಗಿನ ಚೆಕ್ಕೆಯನ್ನು ಗಾಜಿನ ಲೋಟದ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ಬಿಸಿಲಿಗೆ ಹಿಡಿದರೆ ನೀರಿನಲ್ಲಿ ನೀಲಿ ಹೊಳಪು ಕಾಣುತ್ತದೆ. ನಾಲ್ಕನೇ ತರಗತಿಯ ಮೊಮ್ಮಗ ಆ ಲೋಟ ಹಿಡಿದು ಊರೆಲ್ಲ ತಿರುಗಿ ಬಂದ.

ಕೊಟ್ಟಿಗೆ ಬಿಚ್ಚಲು ನಾಲ್ಕು ದಿನ ಹಿಡಿಯಿತು. ಮಗ ಮತ್ತು ನನ್ನ ತಮ್ಮ ಮೇಲಿನಿಂದ ಹೆಂಚು ಇಳಿಸಿದರು. ಸೊಸೆ ಎಣಿಸಿ ಬರೆದಿಟ್ಟಳು. ಮಕ್ಕಳಿಗೆ ಸಿಕ್ಕ ಕೆಲಸ ಮೊಳೆ ಹುಡುಕುವುದು. ಹಳೆಯ ರೇಡಿಯೋದ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಪ್ರತಿ ತೊಲೆಯ ಮೇಲೂ ನಿಧಾನಕ್ಕೆ ಎಳೆದರು. ಅದು ಅಂಟಿದಲ್ಲೆಲ್ಲ ಸೀಮೆಸುಣ್ಣದ ಗುರುತು. ಮರದೊಳಗೆ ಅಡಗಿದ ಒಂದು ಮೊಳೆ ಗರಗಸದ ಹಲ್ಲು ಮುರಿಯಬಲ್ಲದು, ಹಾರಿ ಬಂದು ಕಣ್ಣಿಗೆ ಪೆಟ್ಟು ಮಾಡಬಲ್ಲದು. ಎರಡು ಡಬ್ಬಿ ತುಂಬ ಮೊಳೆ ಸಿಕ್ಕಿತು.

ಈಗ ಅಳತೆ. ಶೆಡ್ಡಿನ ಅಗಲ 12 ಅಡಿ, ಉದ್ದ 18 ಅಡಿ. ಒಂದೊಂದು ಪಕ್ಕದಲ್ಲಿ ಮೂರು ಕಂಬ, ಕಂಬದಿಂದ ಕಂಬಕ್ಕೆ 9 ಅಡಿ. ನಾಲ್ಕು ಮೂಲೆಗಳೂ ನೇರವಾಗಿರಬೇಕು. ನೆಲದ ಮೇಲೆ ಅದನ್ನು ಹೇಗೆ ನೋಡುವುದು? ಮೂಲೆಯಿಂದ ಒಂದು ಕಡೆಗೆ 9 ಅಡಿ, ಇನ್ನೊಂದು ಕಡೆಗೆ 12 ಅಡಿ ಅಳೆದು ಗೂಟ ಹೊಡೆಯಬೇಕು. ಎರಡು ಗೂಟಗಳ ನಡುವೆ ಸರಿಯಾಗಿ 15 ಅಡಿ ಬಂದರೆ ಮೂಲೆ ನೇರ. 3, 4, 5ನ್ನು ಮೂರರಿಂದ ಗುಣಿಸಿದರೆ ಇದೇ ಸಂಖ್ಯೆಗಳು. ನಿಮ್ಮ ಪಾಠದಲ್ಲಿ ಇದು ಪೈಥಾಗೊರಸ್ ಪ್ರಮೇಯ. ನಮ್ಮ ದೇಶದ ಬೌಧಾಯನ ಶುಲ್ಬಸೂತ್ರದಲ್ಲೂ ಈ ನಿಯಮ ಬಹಳ ಹಿಂದೆಯೇ ಇದೆ. ಶುಲ್ಬ ಎಂದರೆ ಹಗ್ಗ. ಯಜ್ಞವೇದಿಯನ್ನು ಹಗ್ಗದಿಂದ ಅಳೆದು ಕಟ್ಟುತ್ತಿದ್ದವರ ಗಣಿತ ಅದು. ಕೊನೆಗೆ ಎರಡೂ ಕರ್ಣಗಳನ್ನು ಅಳೆದೆವು. ಎರಡೂ 21 ಅಡಿ ಏಳೂವರೆ ಇಂಚಿನ ಹತ್ತಿರ ಸಮನಾಗಿ ಬಂದವು.

ಮಣ್ಣಿಗೆ ಮರ ತಾಗಿಸಬಾರದೆಂದು ಆರು ಕಂಬಕ್ಕೂ ಒಂದೊಂದಡಿ ಎತ್ತರದ ಕಲ್ಲಿನ ಪೀಠ ಇಟ್ಟೆವು. ಗೆದ್ದಲು ಮಣ್ಣಿನ ಸುರಂಗ ಕಟ್ಟಿಕೊಂಡು ಹತ್ತಿದರೂ ಕಲ್ಲಿನ ಮೇಲೆ ಅದು ಕಣ್ಣಿಗೆ ಬೀಳುತ್ತದೆ, ಕೆಡವಬಹುದು. ಆರು ಕಲ್ಲುಗಳ ನೆತ್ತಿ ಒಂದೇ ಮಟ್ಟದಲ್ಲಿ ಇದೆಯೇ ಎಂದು ನೋಡಿದ್ದು ಮಕ್ಕಳೇ. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿಸಿ ಒಂದು ತುದಿಯನ್ನು ಅಕ್ಕ, ಇನ್ನೊಂದನ್ನು ತಮ್ಮ ಹಿಡಿದರು. ಅಂಗಳ ಎಷ್ಟೇ ಇಳಿಜಾರಾಗಿರಲಿ, ಎರಡೂ ತುದಿಯ ನೀರು ಒಂದೇ ಎತ್ತರದಲ್ಲಿ ನಿಲ್ಲುತ್ತದೆ. ಪೈಪಿನಲ್ಲಿ ಗಾಳಿಗುಳ್ಳೆ ಇರಬಾರದು, ಅಷ್ಟೇ.

ತೊಲೆಯ ತುದಿಯನ್ನು ನಾಲಿಗೆಯಂತೆ ಕೆತ್ತಿ, ಕಂಬದಲ್ಲಿ ಅದಕ್ಕೆ ತಕ್ಕ ತೂತು ಕೊರೆದು ಕೂಡಿಸುವ ಕೆಲಸ ಆಚಾರಿಯದು. ಕಂಬಕ್ಕೂ ತೊಲೆಗೂ ನಡುವೆ ಓರೆಯಾಗಿ ಒಂದೊಂದು ಆಸರೆ ಮರ ಕೊಟ್ಟರು. ಅದೇಕೆ ಎಂದು ಮೊಮ್ಮಗ ಕೇಳಿದ. ಆಚಾರಿ ನಾಲ್ಕು ಅಡಿಕೆ ದಬ್ಬೆಯನ್ನು ಚೌಕವಾಗಿ ಮೊಳೆ ಹೊಡೆದು ಕೊಟ್ಟು, "ತಳ್ಳು ನೋಡುವಾ ಅಪ್ಪೀ" ಅಂದರು. ಚೌಕ ಸೊಟ್ಟಗಾಯಿತು. ಅದಕ್ಕೆ ಓರೆಯಾಗಿ ಐದನೇ ದಬ್ಬೆ ಹೊಡೆದರು. ಹುಡುಗ ಎಷ್ಟು ಹೆಣಗಿದರೂ ಅದು ಅಲುಗಲಿಲ್ಲ. ಚೌಕ ವಾಲುತ್ತದೆ, ತ್ರಿಕೋನ ವಾಲುವುದಿಲ್ಲ. ಹಳೆಯ ಕೊಟ್ಟಿಗೆಗೆ ಇಂಥ ಆಸರೆ ಇರಲಿಲ್ಲ. ಬುಡ ಮಣ್ಣಿನಲ್ಲಿ ಗಟ್ಟಿಯಾಗಿ ಹೂತಿರುವವರೆಗೆ ನಿಂತಿತ್ತು, ಬುಡ ಹೋದೊಡನೆ ವಾಲಿತು.

ಕಂಬ ಎತ್ತುವ ದಿನ ಅಕ್ಕಪಕ್ಕದ ಮನೆಗಳಿಂದ ಎಂಟು ಜನ ಬಂದರು. ನಮ್ಮ ಕಡೆ ಇದಕ್ಕೆ ಮುಯ್ಯಾಳು ಎನ್ನುತ್ತಾರೆ. ಇವತ್ತು ನೀವು ನಮ್ಮಲ್ಲಿಗೆ ಬಂದರೆ ನಾಳೆ ನಾವು ನಿಮ್ಮಲ್ಲಿಗೆ. ಮಕ್ಕಳನ್ನು ಜಗಲಿಯಿಂದ ಕೆಳಗೆ ಇಳಿಯಲು ಬಿಡಲಿಲ್ಲ. ಎತ್ತುತ್ತಿರುವ ಮರದ ಕೆಳಗೆ ಯಾರೂ ನಿಲ್ಲಬಾರದು, ಅದು ದೊಡ್ಡವರಿಗೂ ನಿಯಮವೇ. ನನ್ನಾಕೆ ಬೆಲ್ಲದ ಪಾನಕ, ಅವಲಕ್ಕಿ ಮಾಡಿದ್ದಳು. ಯಾವ ಕಂಬ ಎಲ್ಲಿಗೆ ಎಂಬುದನ್ನು ಮೊಮ್ಮಗಳ ನಕ್ಷೆ ನೋಡಿ ಅಮ್ಮ ಹೇಳಿದಳು. ಕೆಂಪಿಯ ಕಂಬ ಮನೆಯ ಕಡೆಗೆ. ಅದು ನಿಂತ ಮೇಲೆ ಅಮ್ಮ ಹತ್ತಿರ ಹೋಗಿ ಹಗ್ಗದ ಗೆರೆಯ ಮೇಲೆ ಕೈ ಇಟ್ಟಳು. "ಮೊದಲು ಇದ್ದಷ್ಟೇ ಎತ್ತರಕ್ಕೆ ಉಂಟಲ್ಲ!" ಎಂದಳು. ಹೌದು, ನೆಲದ ಮೇಲಿನ ಒಂದಡಿ ಕತ್ತರಿಸಿದ್ದೆವು, ಒಂದಡಿ ಕಲ್ಲು ಇಟ್ಟಿದ್ದೆವು. ಅವಳ ಕೈಗೆ ಗೆರೆ ಹಳೆಯ ಜಾಗದಲ್ಲೇ ಸಿಕ್ಕಿತ್ತು.

ಇನ್ನು ಒಗಟಿಗೆ ಬರೋಣ. ಶೆಡ್ಡಿನ ಅರ್ಧ ಅಗಲ 6 ಅಡಿ. ಮಾಡಿನ ನೆತ್ತಿ ತೊಲೆಗಿಂತ ಮೂರೂವರೆ ಅಡಿ ಮೇಲೆ. ಮಲೆನಾಡಿನ ಮಳೆಗೆ ಇಷ್ಟಾದರೂ ಇಳಿಜಾರು ಬೇಕು, ಇಲ್ಲದಿದ್ದರೆ ನೀರು ಹೆಂಚಿನ ಸಂದಿಯಲ್ಲಿ ಒಳಗೆ ನುಗ್ಗುತ್ತದೆ. 6ರ ವರ್ಗ 36, ಮೂರೂವರೆಯ ವರ್ಗ 12.25, ಕೂಡಿದರೆ 48.25. ಅದರ ವರ್ಗಮೂಲ 7ಕ್ಕೆ ಕೂದಲೆಳೆ ಕಡಿಮೆ. ಸೂರು 2 ಅಡಿ ಹೊರಗೆ ಚಾಚಲು ಬಿಟ್ಟರೆ ಪಕಾಸಿನ ಉದ್ದ 9 ಅಡಿ. ಮಾಡಿನ ಉದ್ದ ಎರಡೂ ಕಡೆ ಒಂದೊಂದಡಿ ಸೇರಿ 20 ಅಡಿ. ಒಂದು ಪಕ್ಕ 180 ಚದರಡಿ, ಎರಡು ಪಕ್ಕ 360. ಹತ್ತು ಚದರಡಿಗೆ ಸುಮಾರು 14 ಹೆಂಚು. ಅಂದರೆ 500ಕ್ಕೂ ನಾಲ್ಕು ಹೆಚ್ಚು. ಒಂದು ಹೆಂಚಿನ ತೂಕ ಎರಡೂವರೆ ಕಿಲೋ ಎಂದುಕೊಂಡರೂ ಒಟ್ಟು 1,250 ಕಿಲೋ ದಾಟುತ್ತದೆ. ನಮ್ಮ ಸಣ್ಣ ಕಾರಿನ ತೂಕ ಸುಮಾರು 850 ಕಿಲೋ. ಮಳೆಯಲ್ಲಿ ಹೆಂಚು ನೀರು ಕುಡಿದರೆ ಇನ್ನೂ ಭಾರ. ಕಾರಿನ ತಲೆಯ ಮೇಲೆ ಕಾರಿಗಿಂತ ಭಾರದ ಮಾಡನ್ನು ಆರು ಕಂಬಗಳು ಹೊತ್ತು ನಿಂತಿವೆ, ಒಂದೊಂದಕ್ಕೂ ಎರಡು ಕ್ವಿಂಟಲಿಗಿಂತ ಹೆಚ್ಚು. ಸರಿಯಾಗಿ ಹೇಳಿದವರಿಗೆ ಶಾಭಾಸ್!

ಈ ಹೆಂಚಿಗೂ ಒಂದು ಕಥೆಯಿದೆ. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಆಮೇಲೆ ಆ ಹೆಂಚಿಗೆ ಊರಿನ ಹೆಸರೇ ಅಂಟಿತು. ಒಂದರ ತುಟಿ ಇನ್ನೊಂದರ ಮೇಲೆ ಕೂರುವಂತೆ ಮಾಡಿರುವುದರಿಂದ ಒಡೆದದ್ದೊಂದನ್ನೇ ತೆಗೆದು ಬದಲಾಯಿಸಬಹುದು. ನಮ್ಮ ಕೊಟ್ಟಿಗೆಯ ಹೆಂಚು ಸಾಲಾಗಿ ಕೈಯಿಂದ ಕೈಗೆ ದಾಟಿ ಮೇಲೇರಿತು. ಕಡಿಮೆ ಬಿದ್ದ 40ನ್ನು ಮಾತ್ರ ಕೊಂಡು ತಂದೆವು. ಮರಕ್ಕೆಲ್ಲ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದೆವು. ಅದು ಚರ್ಮ ಸುಡುತ್ತದೆ, ಹಾಗಾಗಿ ಮಕ್ಕಳಿಗೆ ಆ ಕೆಲಸ ಇಲ್ಲ, ದೊಡ್ಡವರಿಗೆ ಕೈಗವಸು ಕಡ್ಡಾಯ.

ಕೊನೆಯ ಹೆಂಚು ಕೂತ ಮೂರನೇ ದಿನ ಮೃಗಶಿರ ಮಳೆ ಹಿಡಿಯಿತು. ಒಂದು ಹನಿಯೂ ಸೋರಲಿಲ್ಲ. ಮಗನ ಕಬ್ಬಿಣದ ಶೆಡ್ಡಿಗಿಂತ ನಮ್ಮದಕ್ಕೆ ದಿನ ಹೆಚ್ಚು ಹಿಡಿಯಿತು, ಆಚಾರಿಯ ಕೂಲಿ ಸೇರಿ ಖರ್ಚೂ ತುಸು ಹೆಚ್ಚೇ ಆಯಿತು. ಮಗ ಆ ಲೆಕ್ಕವನ್ನು ಯಾರಿಗೂ ಹೇಳಲಿಲ್ಲ. ಅಮ್ಮ ಈಗಲೂ ಸಂಜೆ ಕಸಬರಿಗೆ ಹಿಡಿದು ಹೋಗುತ್ತಾಳೆ. ವಾಲಿದ ಮಾಡಿನ ಭಯವಿಲ್ಲ. ಕತ್ತಲಾದ ಮೇಲೆ ಮಗನನ್ನು ಕೇಳುತ್ತಾಳೆ: "ಕಾರು ಕಟ್ಟಿ ಆಯ್ತನಾ?"

ಈ ವಾರದ ಕೆಲಸ: ಒಂದು ಉದ್ದ ಹಗ್ಗಕ್ಕೆ ಸಮ ದೂರದಲ್ಲಿ ಗುರುತು ಹಾಕಿ 12 ಭಾಗ ಮಾಡಿ, ತುದಿಗಳನ್ನು ಸೇರಿಸಿ ಗಂಟು ಹಾಕಿ. ಮೂವರು ಸೇರಿ 3, 4, 5 ಭಾಗಗಳ ತ್ರಿಕೋನವಾಗಿ ಬಿಗಿಯಾಗಿ ಎಳೆದು ಹಿಡಿಯಿರಿ. ನಿಮ್ಮ ಮನೆಯ ಕೋಣೆಗಳ ಮೂಲೆ ಎಷ್ಟು ನೇರವಿದೆ ಎಂದು ಪರೀಕ್ಷಿಸಿ. ಮೂವರಲ್ಲಿ ಒಬ್ಬರು ಅಜ್ಜ ಅಥವಾ ಅಜ್ಜಿ ಆಗಿರಲಿ. ಹಗ್ಗ ಹಿಡಿದಿರುವಾಗಲೇ, ಅವರು ಚಿಕ್ಕವರಿದ್ದಾಗ ಮನೆಯನ್ನು ಯಾರು ಯಾರು ಸೇರಿ ಕಟ್ಟಿದರು, ಯಾವ ಮರ ಎಲ್ಲಿಂದ ಬಂತು ಎಂದು ಕೇಳಿ ಬರೆದಿಟ್ಟುಕೊಳ್ಳಿ.