ಎಪಿಜೆನೆಟಿಕ್ಸ್ ಹೆಸರಲ್ಲಿ ಅಮ್ಮನ ಮೇಲೆ ಗೂಬೆ

ಗರ್ಭಿಣಿ ಕೋಪ ಮಾಡ್ಕೊಂಡ್ರೆ ಮಗುವಿನ ಜೀನ್ ಕೆಡುತ್ತೆ, ಖುಷಿಯಾಗಿದ್ರೆ ಒಳ್ಳೇ ಜೀನ್‌ಗಳು "ಆನ್" ಆಗುತ್ತವೆ, ಇದನ್ನ ಎಪಿಜೆನೆಟಿಕ್ಸ್ ಅನ್ನೋ ವಿಜ್ಞಾನವೇ ಒಪ್ಪಿದೆ... ಈ ಧಾಟಿಯ ಮಾತು ನಿಮಗೂ ಬಂದಿರುತ್ತೆ. ವಾಟ್ಸಾಪ್‌ನಲ್ಲಿ, ಗರ್ಭಸಂಸ್ಕಾರ ತರಗತಿಯ ಜಾಹೀರಾತಿನಲ್ಲಿ, ಮದುವೆ ಮನೆ ಪಂಕ್ತಿಯಲ್ಲಿ ಪಕ್ಕ ಕೂತವರ ಬಾಯಲ್ಲಿ. ಮೊದಲೆಲ್ಲ ಇಂಥ ಮಾತಿಗೆ "ಹಿರಿಯರು ಹೇಳಿದ್ದಾರೆ" ಅನ್ನೋ ಮುದ್ರೆ ಸಾಕಿತ್ತು. ಈಗ ಪಕ್ಕದಲ್ಲೊಂದು ಡಿಎನ್‌ಎ ಏಣಿಯ ಚಿತ್ರವೂ ಬೇಕು.

ಗರ್ಭಿಣಿ ಸಂಗೀತ ಕೇಳೋದಕ್ಕೆ ನನ್ನ ತಕರಾರಿಲ್ಲ. ಭೀಮಸೇನ ಜೋಶಿ ಕೇಳಲಿ, ರಾಜ್‌ಕುಮಾರ್ ಕೇಳಲಿ, ಸುಮ್ಮನೆ ಮಲಗಲಿ. ನನ್ನ ಜಗಳ ಇರೋದು ಆ "ವಿಜ್ಞಾನವೇ ಒಪ್ಪಿದೆ" ಅನ್ನೋ ಮಾತಿನ ಜೊತೆ. ಯಾಕಂದ್ರೆ ಆ ವಿಜ್ಞಾನ ಇದನ್ನ ಒಪ್ಪಿಲ್ಲ. ಅಷ್ಟೇ ಅಲ್ಲ, ಅದು ನಡೆದುಬಂದ ದಾರಿಗೆ ಈ ಮಾತು ಅವಮಾನ.

ಸ್ವಲ್ಪ ಆ ದಾರಿ ನೋಡೋಣ. ನಮ್ಮ ಒಂದು ಜೀವಕೋಶದಲ್ಲಿ ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಇದೆ. ಅದು ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಕೂಡ ಅಗಲ ಇಲ್ಲದ ಕೋಶಕೇಂದ್ರದೊಳಗೆ ಕೂರಬೇಕು. ಅದಕ್ಕೇ ಅದು ಹಿಸ್ಟೋನ್ ಅನ್ನೋ ಪ್ರೊಟೀನುಗಳ ಸುತ್ತ ಸುತ್ತಿಕೊಂಡಿರುತ್ತೆ, ರೀಲಿಗೆ ದಾರ ಸುತ್ತಿದ ಹಾಗೆ. ಎಂಟು ಹಿಸ್ಟೋನ್ ಸೇರಿದ್ರೆ ಒಂದು ರೀಲು, ಅದರ ಸುತ್ತ 147 ಜೋಡಿ ಅಕ್ಷರಗಳಷ್ಟು ಡಿಎನ್‌ಎ. ಇಂಥ ಲಕ್ಷಾಂತರ ರೀಲುಗಳ ಮಾಲೆಯೇ ಕ್ರೋಮ್ಯಾಟಿನ್. ಬಿಗಿಯಾಗಿ ಸುತ್ತಿದ ಕಡೆ ಜೀನ್ ಓದೋಕೆ ಕಷ್ಟ, ಸಡಿಲ ಆದ ಕಡೆ ಸುಲಭ. ಕಣ್ಣಿನ ಕೋಶ ಮತ್ತು ಲಿವರ್ ಕೋಶದಲ್ಲಿ ಇರೋದು ಒಂದೇ ಡಿಎನ್‌ಎ; ಯಾವ ಪುಟ ತೆರೆದಿದೆ, ಯಾವುದು ಮುಚ್ಚಿದೆ ಅನ್ನೋದರಲ್ಲಿ ವ್ಯತ್ಯಾಸ.

ಹಿಸ್ಟೋನಿಗೆ ಒಂದು ಬಾಲ ಇರುತ್ತೆ. ಆ ಬಾಲಕ್ಕೆ ಅಸಿಟೈಲ್ ಅನ್ನೋ ಪುಟ್ಟ ರಾಸಾಯನಿಕ ಗುಂಪು ಅಂಟಿದ್ರೆ ಜೀನ್ ಚುರುಕಾಗುತ್ತೇನೋ ಅನ್ನೋ ಸಂದೇಹವನ್ನ ವಿನ್ಸೆಂಟ್ ಆಲ್‌ಫ್ರೀ 1964ರಲ್ಲೇ ಮುಂದಿಟ್ಟಿದ್ದರು. ಸಂದೇಹ ಅಷ್ಟೇ. ಬಹಳ ಜನಕ್ಕೆ ಹಿಸ್ಟೋನ್ ಅಂದ್ರೆ ಬರೀ ಪ್ಯಾಕಿಂಗ್ ಸಾಮಾನು.

ಈ ಸಂದೇಹವನ್ನ ಬೆನ್ನು ಹತ್ತಿದವರಲ್ಲಿ ಒಬ್ಬರು ಡೇವಿಡ್ ಆಲಿಸ್. ಅಮೆರಿಕದ ಸಿನ್ಸಿನಾಟಿಯವರು, 1951ರಲ್ಲಿ ಹುಟ್ಟಿದವರು. ಆರಿಸಿಕೊಂಡ ಜೀವಿ ಕೆರೆ ನೀರಲ್ಲಿ ಈಜಾಡೋ ಟೆಟ್ರಹೈಮೆನಾ ಅನ್ನೋ ಏಕಕೋಶ ಜೀವಿ. ಅದಕ್ಕೊಂದು ವಿಶೇಷ ಇದೆ: ಒಂದೇ ಕೋಶದಲ್ಲಿ ಎರಡು ಕೋಶಕೇಂದ್ರ. ದೊಡ್ಡದರಲ್ಲಿ ಜೀನ್‌ಗಳು ಕೆಲಸ ಮಾಡ್ತಿರ್ತವೆ, ಹಿಸ್ಟೋನ್ ಬಾಲದಲ್ಲಿ ಅಸಿಟೈಲ್ ಇರುತ್ತೆ. ಚಿಕ್ಕದು ಮುಂದಿನ ಪೀಳಿಗೆಗೆ ಅಂತ ಎತ್ತಿಟ್ಟದ್ದು, ಸದ್ದಿಲ್ಲದೆ ಮಲಗಿರುತ್ತೆ, ಅಸಿಟೈಲ್ ಇಲ್ಲ. ಅಂದ್ರೆ ಬಾಲಕ್ಕೆ ಅಸಿಟೈಲ್ ಅಂಟಿಸೋ ಕಿಣ್ವ ಸಿಗೋದಾದ್ರೆ ದೊಡ್ಡ ಕೋಶಕೇಂದ್ರದಲ್ಲೇ ಸಿಗಬೇಕು.

ಹುಡುಕಿದರು. ವರ್ಷಗಟ್ಟಲೆ. ಕೊನೆಗೆ ಅವರ ವಿದ್ಯಾರ್ಥಿ ಜೇಮ್ಸ್ ಬ್ರೌನೆಲ್ ಹಿಸ್ಟೋನನ್ನೇ ಜೆಲ್ ಒಳಗೆ ಬೆರೆಸಿಟ್ಟು, ಕಿಣ್ವ ಎಲ್ಲಿದೆಯೋ ಅಲ್ಲಿ ವಿಕಿರಣದ ಗುರುತು ಮೂಡೋ ಹಾಗೆ ಮಾಡಿ ಅದನ್ನ ಹಿಡಿದರು. ಆ ಪ್ರೊಟೀನಿನ ಜೀನ್ ಓದಿದಾಗ ಗೊತ್ತಾಗಿದ್ದು: ಇದರ ಸೋದರ ಆಗಲೇ ಯೀಸ್ಟ್‌ನಲ್ಲಿ ಪರಿಚಿತ, ಜೀನ್ ಆನ್ ಮಾಡೋಕೆ ಸಹಾಯ ಮಾಡುವ ಜಿಸಿಎನ್5. ಇದು ಪ್ರಕಟ ಆಗಿದ್ದು 1996ರಲ್ಲಿ. ಅದೇ ವರ್ಷ ಸ್ಟುವರ್ಟ್ ಶ್ರೈಬರ್ ತಂಡ ಅಸಿಟೈಲನ್ನ ಕಿತ್ತು ಹಾಕೋ ಕಿಣ್ವವನ್ನೂ ಹಿಡಿಯಿತು.

ಲೆಕ್ಕ ಹಾಕಿ ಸ್ವಾಮಿ. 1964ರ ಸಂದೇಹಕ್ಕೆ 1996ರಲ್ಲಿ ಗಟ್ಟಿ ಪುರಾವೆ. 32 ವರ್ಷ! ಒಂದು ಕಿಣ್ವ, ಒಂದು ಬಾಲ, ಒಂದು ಗುರುತು, ಇಷ್ಟನ್ನ ಖಚಿತವಾಗಿ ಹೇಳೋಕೆ ಇಷ್ಟು ಕಾಲ ಹಿಡಿಯಿತು. 2000ದಲ್ಲಿ ಆಲಿಸ್ ಮತ್ತು ಬ್ರಯನ್ ಸ್ಟ್ರಾಲ್ ಈ ಗುರುತುಗಳೆಲ್ಲ ಸೇರಿ ಒಂದು "ಸಂಕೇತ ಭಾಷೆ" ಇರಬಹುದು ಅಂತ ಬರೆದಾಗಲೂ ಅದನ್ನ ಊಹೆ ಅಂತಲೇ ಕರೆದರು, ಬೇರೆ ವಿಜ್ಞಾನಿಗಳು ಅದರ ಜೊತೆ ಜಗಳ ಆಡಿದರು. ಆಲಿಸ್ 2023ರ ಜನವರಿಯಲ್ಲಿ ತೀರಿಕೊಂಡರು. ನಮ್ಮ ಜಾಹೀರಾತಿನವರಿಗೆ ಮಾತ್ರ ಒಂಬತ್ತು ತಿಂಗಳ ಪ್ಯಾಕೇಜ್‌ನಲ್ಲಿ ಎಲ್ಲಾ ಖಚಿತ!

ಈಗ ಅವರು ತೋರಿಸೋ ಪುರಾವೆಗೆ ಬರೋಣ. ಸಾಮಾನ್ಯವಾಗಿ ಎರಡು.

ಒಂದು, ಹಳದಿ ಇಲಿ. 2003ರಲ್ಲಿ ವಾಟರ್‌ಲ್ಯಾಂಡ್ ಮತ್ತು ಜಿರ್ಟಲ್ ಬಸುರಿ ಇಲಿಗಳಿಗೆ ಫೋಲಿಕ್ ಆಮ್ಲ, ಬಿ12 ಮುಂತಾದವನ್ನ ಹೆಚ್ಚಾಗಿ ತಿನ್ನಿಸಿದಾಗ ಮರಿಗಳ ಬಣ್ಣ ಹಳದಿಯಿಂದ ಕಂದಿನ ಕಡೆ ವಾಲಿತು. ನಿಜ. ಆದರೆ ಆ ತಳಿಯ ಇಲಿಯ ಅಗೂಟಿ ಜೀನ್ ಪಕ್ಕ ವೈರಸ್ ಥರದ ಒಂದು ಡಿಎನ್‌ಎ ತುಣುಕು ಬಂದು ಕೂತಿದೆ. ಬಣ್ಣ ಬದಲಾಗಿದ್ದು ಆ ತುಣುಕಿನ ಕೃಪೆಯಿಂದ. ಮತ್ತೆ, ಆ ಇಲಿಗಳಿಗೆ ಕೊಟ್ಟಿದ್ದು ಊಟ. ಉಪದೇಶ ಅಲ್ಲ :-)

ಎರಡು, ಹಾಲೆಂಡಿನ ಬರ. 1944-45ರ ಚಳಿಗಾಲದಲ್ಲಿ ನಾಜಿಗಳು ಆಹಾರ ಸರಬರಾಜು ತಡೆದು ಪಶ್ಚಿಮ ಹಾಲೆಂಡನ್ನ ಉಪವಾಸ ಕೆಡವಿದರು. ಆಗ ಗರ್ಭದಲ್ಲಿ ಮೊಳೆತವರನ್ನ ಅರುವತ್ತು ವರ್ಷದ ಮೇಲೆ ಅವರ ಒಡಹುಟ್ಟಿದವರ ಜೊತೆ ಹೋಲಿಸಿ ನೋಡಿದರು. 2008ರಲ್ಲಿ ಬಂದ ಫಲಿತಾಂಶ: ಐಜಿಎಫ್2 ಅನ್ನೋ ಜೀನ್ ಹತ್ತಿರ ಡಿಎನ್‌ಎ ಮೇಲಿನ ಮೀಥೈಲ್ ಗುರುತು ಸುಮಾರು ಶೇಕಡಾ 5ರಷ್ಟು ಕಡಿಮೆ. ಜನ ಟುಲಿಪ್ ಗಡ್ಡೆ ತಿಂದು ಬದುಕಿದ, ಸಾವಿರಾರು ಮಂದಿ ಸತ್ತ ಹಸಿವು ಬಿಟ್ಟುಹೋದ ಗುರುತು ಇಷ್ಟು. ಅತ್ತೆ ಮೇಲೆ ಅರ್ಧ ಗಂಟೆ ಸಿಟ್ಟಾಗಿದ್ದಕ್ಕೆ ಮಗುವಿನ ಜೀವನವೇ ಬರೆದುಹೋಗುತ್ತೆ ಅಂತ ಇದರಿಂದ ಹೇಳೋದು ಹೇಗೆ? ಇನ್ನೊಂದು, ಆ ಹಸಿವಿಗೆ ಹೊಣೆ ಯಾರು? ಗರ್ಭಿಣಿಯರ "ನೆಗೆಟಿವ್ ಥಿಂಕಿಂಗ್" ಅಂತ ಯಾರೂ ಹೇಳಿಲ್ಲವಲ್ಲ.

"ಒತ್ತಡದಿಂದ ಹಾರ್ಮೋನ್ ಏರಲ್ವಾ?" ಅಂತ ಕೇಳ್ತೀರಿ. ಏರುತ್ತೆ. ಕಾರ್ಟಿಸಾಲ್ ಜೀವಕೋಶದ ಒಳಗೆ ಹೋಗಿ ಜೀನ್‌ಗಳ ಕೆಲಸ ಬದಲಿಸುತ್ತೆ, ಇದೂ ನಿಜ. ಹೊಡೆತ, ಹಸಿವು, ಮೈಮುರಿಯೋ ದುಡಿಮೆ ಗರ್ಭಿಣಿಗೆ ಕೆಟ್ಟದ್ದೇ. ಹಾಗಾದ್ರೆ ಹೊಡೆಯೋದು ನಿಲ್ಲಿಸಿ, ಊಟ ಕೊಡಿ, ರಜೆ ಕೊಡಿ. ಅದು ಬಿಟ್ಟು "ನೀನು ನಗುನಗ್ತಾ ಇರಮ್ಮ" ಅಂತ ಅವಳಿಗೇ ಇನ್ನೊಂದು ಕೆಲಸ ಹಚ್ಚೋದು ಯಾವ ನ್ಯಾಯ?

ಅಭಿಮನ್ಯುವಿನ ಕಥೆ ಎತ್ತದೆ ಈ ಚರ್ಚೆ ಮುಗಿಯಲ್ಲ, ಗೊತ್ತು. ಜನ ಹೇಳೋ ಕಥೆ ಸರಿಯಾಗಿ ಗಮನಿಸಿ. ಹುಡುಗ ಚಕ್ರವ್ಯೂಹದಲ್ಲಿ ಸತ್ತಿದ್ದಕ್ಕೆ ಕಾರಣ ಯಾರಂತೆ? ಹೇಳೋದು ಮುಗಿಯೋ ಮುಂಚೆ ನಿದ್ದೆ ಹೋದ ಸುಭದ್ರೆ! ಸುಸ್ತಾದ ಬಸುರಿಗೆ ಹೊತ್ತಲ್ಲದ ಹೊತ್ತಲ್ಲಿ ಯುದ್ಧತಂತ್ರ ಹೇಳಿದವರನ್ನ, ಮಗ ಹುಟ್ಟಿ ಹದಿನಾರು ವರ್ಷ ಆದ್ರೂ ಹೊರಗೆ ಬರೋ ದಾರಿ ಕಲಿಸದವರನ್ನ ಯಾರೂ ಕೇಳಲ್ಲ. ಇಂದಿನ ಜಾಹೀರಾತು ಮಾಡ್ತಿರೋದೂ ಇಷ್ಟೇ. ಮಗು ಚೆನ್ನಾಗಿ ಹುಟ್ಟಿದ್ರೆ ಕೋರ್ಸಿನ ಮಹಿಮೆ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅಮ್ಮ ಸರಿಯಾಗಿ ಯೋಚನೆ ಮಾಡಿರಲಿಲ್ಲ.

ಈ "ಹೆಚ್ಚುಕಮ್ಮಿ" ಅನ್ನೋ ಮಾತಿನ ಹಿಂದೆ ನಿಜವಾದ ಮನೆಗಳಿವೆ. ಡಿಐಪಿಜಿ ಅಂತ ಮಕ್ಕಳಿಗೆ ಮಿದುಳುಕಾಂಡದಲ್ಲಿ ಬರೋ ಕ್ಯಾನ್ಸರ್ ಇದೆ. ಹೆಚ್ಚಿನವರು ವರ್ಷ ತುಂಬೋದರೊಳಗೆ ತೀರಿಹೋಗ್ತಾರೆ. 2012ರಲ್ಲಿ ಗೊತ್ತಾಗಿದ್ದು: ಇವುಗಳಲ್ಲಿ ಬಹುಪಾಲು ಗೆಡ್ಡೆಗಳಲ್ಲಿ ಎಚ್3 ಅನ್ನೋ ಹಿಸ್ಟೋನಿನ ಬಾಲದ 27ನೇ ಜಾಗದಲ್ಲಿ ಲೈಸಿನ್ ಬದಲು ಮಿಥಿಯೊನಿನ್ ಬಂದು ಕೂತಿದೆ. ಎಚ್3 ತಯಾರಿಸೋ ಎಷ್ಟೋ ಜೀನ್‌ಗಳಲ್ಲಿ ಒಂದೇ ಒಂದು ಪ್ರತಿ ಕೆಟ್ಟಿದ್ರೂ ಸಾಕು. ಅಷ್ಟಕ್ಕೇ ಕೋಶದಲ್ಲೆಲ್ಲ ಜೀನ್ ಮುಚ್ಚಿಡೋ ಗುರುತು ಯಾಕೆ ಅಳಿಸಿಹೋಗುತ್ತೆ ಅಂತ 2013ರಲ್ಲಿ ತೋರಿಸಿದ್ದು ಇದೇ ಆಲಿಸ್ ಲ್ಯಾಬ್: ಆ ಬದಲಾದ ಬಾಲ ಗುರುತು ಹಾಕೋ ಕಿಣ್ವವನ್ನೇ ಅಡ್ಡಗಟ್ಟುತ್ತೆ. ಕೆರೆ ನೀರಿನ ಜೀವಿಯಿಂದ ಶುರುವಾದ ವಿದ್ಯೆ ಮಗುವಿನ ತಲೆಯೊಳಗಿನ ಗೆಡ್ಡೆಯವರೆಗೆ ಬಂದ ಬಗೆ ಇದು.

ಇದು ಮಗುವಿನದೇ ಒಂದು ಕೋಶದಲ್ಲಿ ಆದ ಅಕ್ಷರದೋಷ. ಯಾರ ಕೋಪದಿಂದಲೂ ಅಲ್ಲ, ಯಾರ ಕಣ್ಣೀರಿನಿಂದಲೂ ಅಲ್ಲ. ಆಸ್ಪತ್ರೆ ಕಾರಿಡಾರಿನಲ್ಲಿ ಕೂತ ತಾಯಿಗೆ ಕ್ರೋಮ್ಯಾಟಿನ್ ವಿಜ್ಞಾನ ಹೇಳಬಲ್ಲ ಮಾತು "ಇದರಲ್ಲಿ ನಿನ್ನ ತಪ್ಪಿಲ್ಲಮ್ಮ" ಅಂತ. ಅದೇ ವಿಜ್ಞಾನದ ಹೆಸರಲ್ಲಿ ಇವರು ಹೇಳ್ತಿರೋದು ಅದಕ್ಕೆ ನೇರ ಉಲ್ಟಾ. ನನಗೆ ಸಿಟ್ಟು ಬರೋದು ಇಲ್ಲೇ.

ಗರ್ಭಿಣಿಗೆ ನಿಜವಾಗಿ ಉಪಯೋಗ ಆಗೋದು ಬೇಕಾ? ಫೋಲಿಕ್ ಆಮ್ಲದ ಮಾತ್ರೆ. ಮೊದಲ ಮಗುವಿಗೆ ಬೆನ್ನುಹುರಿ ದೋಷ ಇದ್ದವರಲ್ಲಿ ಮುಂದಿನ ಮಗುವಿಗೆ ಅದು ಬರೋದನ್ನ ಈ ಮಾತ್ರೆ ಸುಮಾರು ಶೇಕಡಾ 72ರಷ್ಟು ತಪ್ಪಿಸುತ್ತೆ ಅಂತ 1991ರಲ್ಲೇ ದೊಡ್ಡ ಪರೀಕ್ಷೆ ತೋರಿಸಿತ್ತು. ಕಬ್ಬಿಣಾಂಶದ ಮಾತ್ರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಜನಕ್ಕೆ ರಕ್ತಹೀನತೆ. ಇವೆರಡೂ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಪುಕ್ಕಟೆ ಆಗಿರೋದಕ್ಕೇ ಇರಬೇಕು, ಇವಕ್ಕೆ ಜಾಹೀರಾತು ಮಾಡೋರು ಕಡಿಮೆ.

ಹಾಗಾಗಿ ಗೆಳೆಯರೇ, ಮುಂದಿನ ಸಲ ಯಾರಾದ್ರೂ ಎಪಿಜೆನೆಟಿಕ್ಸ್ ಅಂತ ಶುರು ಮಾಡಿದ್ರೆ ಮೂರೇ ಪ್ರಶ್ನೆ ಕೇಳಿ. ಯಾವ ಜೀನ್? ಯಾವ ಕೋಶ? ಅಳೆದವರು ಯಾರು? ಉತ್ತರ ಬಂದ್ರೆ ಕೂತು ಕೇಳೋಣ. ಬರಲಿಲ್ಲ ಅಂದ್ರೆ ಫಾರ್ವರ್ಡ್ ಮಾಡಬೇಡಿ. ನಿಮ್ಮ ಪಟ್ಟಿಯಲ್ಲಿ ಒಬ್ಬ ಬಸುರಿ ಇರಬಹುದು, ಮಗು ಕಳಕೊಂಡ ಒಬ್ಬ ತಾಯಿಯೂ ಇರಬಹುದು.