ಹೆಸರಿನೊಡನೆ ಹೊಣೆಯೂ ತೋಟದ್ದೇ



ಹಿಂದೆ ಮಾರುವ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ಪೂಲಿಗೇ ಒಪ್ಪಿಸಬೇಕಿತ್ತು. ಯಾರ ಬೀಜ ಯಾವುದೆಂದು ಕುಡಿಯುವವರಿಗೆ ತಿಳಿಯುತ್ತಿರಲಿಲ್ಲ. 1996ರ ಹೊತ್ತಿಗೆ ಆ ಕಟ್ಟು ಪೂರ್ತಿ ತೆರವಾಯಿತು. ಇಂದು ಬೆಂಗಳೂರಿನಲ್ಲಿ ಕಾಫಿ ಹುರಿದು ಮಾರುವ ಸಣ್ಣ ಅಂಗಡಿಗಳು ತೋಟದ ಹೆಸರನ್ನೇ ಪೊಟ್ಟಣದ ಮೇಲೆ ಅಚ್ಚು ಹಾಕಿಸುತ್ತಿವೆ. ಕಾಯಿ ಬೆರೆತು ರುಚಿ ಕೆಟ್ಟರೆ ದೂರು ಬರುವುದೂ ಆ ಹೆಸರಿಗೇ. ಆದುದರಿಂದ ಹಣ್ಣನ್ನಷ್ಟೇ ಆರಿಸಿ ಕೊಯ್ಯಿಸಿರಿ. ಪಾರ್ಚ್‌ಮೆಂಟ್ ಕಾಫಿಯನ್ನು ತೇವಾಂಶ ಶೇಕಡಾ 10ಕ್ಕೆ ಇಳಿಯುವವರೆಗೆ ಒಣಗಿಸಿರಿ. ಇದಕ್ಕೆ ತಗಲುವ ಹೆಚ್ಚಿನ ಕೂಲಿ ಬೆಲೆಯಲ್ಲಿ ಹುಟ್ಟಬೇಕು. ಅದನ್ನು ಮೊದಲೇ ಮಾತನಾಡಿ ಬರೆಸಿಕೊಳ್ಳಿರಿ. ಮೊದಲ ವರ್ಷ ಕೆಲವೇ ಮೂಟೆ ಸಾಕು. ಮಾದರಿ ಕಳಿಸುವ ಮುನ್ನ ತಾವೇ ಹುರಿದು, ಪುಡಿ ಮಾಡಿ, ಕುಡಿದು ನೋಡಿರಿ. ನಮ್ಮ ನಾಲಿಗೆ ಒಪ್ಪದ್ದನ್ನು ಗಿರಾಕಿ ಏಕೆ ಕೊಂಡಾನು?